ಚಪ್ಪಲಿ ಬಿಟ್ಟು ಒಳಗೆ ಬಂದ ದೆವ್ವ

ನಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಯಾರದೋ ಒಂದು ಜೊತೆ ಹವಾಯಿ ಚಪ್ಪಲಿ ಉಳಿದುಹೋಗಿದೆ. ನೀಲಿ ಪಟ್ಟಿ, ಹಿಮ್ಮಡಿಯ ಕಡೆ ಸವೆದು ತೆಳ್ಳಗಾಗಿದೆ. ಬ್ಲೌಸಿನ ಅಳತೆ ಕೊಡಲು ಬಂದವರು ಬಿಟ್ಟು, ಹೋಗುವಾಗ ಇನ್ನೊಬ್ಬರದನ್ನು ಮೆಟ್ಟಿಕೊಂಡು ಹೋಗಿರಬೇಕು. ಕೆ. ಹೊಸಕೋಟೆಯಲ್ಲಿ ಆಲೂರಿನ ಬಸ್ಸು ಹಾರ್ನ್ ಹೊಡೆಯಿತೆಂದರೆ ನಮ್ಮ ಹೆಂಗಸರಿಗೆ ತಮ್ಮ ಚಪ್ಪಲಿ ಯಾವುದು, ಪಕ್ಕದವರದು ಯಾವುದು ಎಂದು ನೋಡುವ ವ್ಯವಧಾನ ಇರುವುದಿಲ್ಲ. ಸಿಕ್ಕಿದ್ದಕ್ಕೆ ಕಾಲು ತೂರಿಸಿ ಓಡುತ್ತಾರೆ.

ಬಿಸಾಡೋಣ ಎಂದು ಕೈಗೆತ್ತಿಕೊಂಡೆ, ಮನಸ್ಸು ಬರಲಿಲ್ಲ. ಚಪ್ಪಲಿಯ ವಿಷಯದಲ್ಲಿ ನಮ್ಮ ಮನೆಯವರು ಒಮ್ಮೆ ಕೈ ಸುಟ್ಟುಕೊಂಡವರು. ಹೆಚ್ಚು ಕಡಿಮೆ ಇಂಥದೇ ಒಂದು ಜೊತೆ ಚಪ್ಪಲಿಯಿಂದ ನನ್ನ ತಮ್ಮ ಗಿರೀಶನ ದೆವ್ವದ ಸಿನಿಮಾ ನೆಲ ಕಚ್ಚಿತು, ಅವನನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡಮ್ಮ ಅವನ ಜೊತೆ ಮಾತು ಬಿಟ್ಟಳು. ಸಿನಿಮಾ ಹೋದರೆ ಹೋಗಲಿ, ಅದು ಹೋಗಬೇಕಾದ್ದೇ. ಆದರೆ ದೊಡ್ಡಮ್ಮನ ಮಾತು ನಿಂತದ್ದನ್ನು ಸಹಿಸಿಕೊಳ್ಳುವುದು ನಮಗೆ ಯಾರಿಗೂ ಸುಲಭವಾಗಿರಲಿಲ್ಲ.

ಸಿನಿಮಾದ ಹೆಸರು ‘ನಾಲ್ಕು ಅಮಾವಾಸ್ಯೆ’. ನಾಲ್ಕು ಬೇರೆ ಬೇರೆ ದೆವ್ವದ ಕಥೆಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಚಿತ್ರ ಎಂದು ಪೋಸ್ಟರಿನಲ್ಲಿತ್ತು. ನೀವು ನೋಡಿರಲಾರಿರಿ, ನೋಡಿದವರೆಲ್ಲ ನನಗೆ ಮುಖಪರಿಚಯದವರೇ. ಅದರಲ್ಲಿ ಇರುವುದು ಮೂರು ಕಥೆ. ನಾಲ್ಕನೆಯದನ್ನು ತೆಗೆಯುವ ಹೊತ್ತಿಗೆ ತೋಟಗಳಲ್ಲಿ ಕಾಫಿ ಹಣ್ಣಾಯಿತು. ದೆವ್ವ, ಮಂತ್ರವಾದಿ, ಹೆಣವಾಗಿ ಮಲಗಬೇಕಾದವನು, ಎಲ್ಲರೂ ಕುಯ್ಲಿಗೆ ಹೋಗಿಬಿಟ್ಟರು. ಪೋಸ್ಟರ್ ಆಗಲೇ ಅಚ್ಚಾಗಿದ್ದರಿಂದ ಹೆಸರು ಹಾಗೇ ಉಳಿಯಿತು. ನಾಲ್ಕನೆಯ ಅಮಾವಾಸ್ಯೆ ಎಲ್ಲಿ ಎಂದು ಕೇಳಿದವರಿಗೆ ಗಿರೀಶ, ಅದು ಸೂಚ್ಯವಾಗಿದೆ ಎನ್ನುತ್ತಿದ್ದ.

ಗಿರೀಶ ಆಲೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುವವನು. ಒಳ್ಳೆಯ ಕೈ. ಆದರೆ ಕೈಗೆ ಬಿದ್ದ ಅಭ್ಯಾಸ ದೆವ್ವದ ಮುಂದೆಯೂ ಬಿಡಲಿಲ್ಲ. ದೆವ್ವ ಮರದ ಹಿಂದಿನಿಂದ ಬಂದ ಕೂಡಲೇ ಅವನ ಕ್ಯಾಮೆರಾ ಮೊದಲು ಅದರ ಕಿವಿಯೋಲೆಗೆ ಹೋಗುತ್ತದೆ, ಅಲ್ಲಿಂದ ಬಳೆಗೆ, ಬಳೆಯಿಂದ ಸೀರೆಯ ಅಂಚಿಗೆ. ಸಾಯಲಿರುವ ಕುಟುಂಬ ಕೊನೆಯ ಊಟಕ್ಕೆ ಕೂತಾಗ ಎಲೆಯ ಈ ತುದಿಯಿಂದ ಆ ತುದಿಯವರೆಗೆ ಕೋಸಂಬರಿ, ಪಲ್ಯ, ಹಪ್ಪಳ ಎಲ್ಲವನ್ನೂ ಸಾವಕಾಶವಾಗಿ ತೋರಿಸುತ್ತದೆ. ಮಂತ್ರವಾದಿ ರಕ್ತ ಕಾರಿ ಬಿದ್ದದ್ದನ್ನು ಮೂರು ಕಡೆಯಿಂದ ಮೂರು ಸಲ ತೋರಿಸುತ್ತದೆ, ತಾಳಿ ಕಟ್ಟುವುದನ್ನು ತೋರಿಸುತ್ತಾರಲ್ಲ, ಹಾಗೆ. ಶೂಟಿಂಗಿನಲ್ಲಿ ಒಂದು ದೆವ್ವಕ್ಕೆ ಅವನು ‘ಇಲ್ಲಿ ನೋಡಿ, ಸ್ವಲ್ಪ ನಗಿ’ ಎಂದದ್ದನ್ನು ನಾನೇ ಕೇಳಿದ್ದೇನೆ. ಅದು ಪಾಪ, ನಕ್ಕಿತು ಕೂಡ.

ಇನ್ನು ಕತ್ತಲೆಯ ವಿಷಯ. ದೆವ್ವದ ಸಿನಿಮಾಕ್ಕೆ ಕತ್ತಲೆ ಬೇಕು ಎನ್ನುವಷ್ಟು ತಿಳಿವಳಿಕೆ ನಮಗೂ ಇತ್ತು. ಆದರೆ ಹೆತ್ತೂರಿನ ಹತ್ತಿರದ ನನ್ನ ತವರೂರಿನಲ್ಲಿ ಹೊತ್ತು ಮುಳುಗಿದ ಮೇಲೆ ತೋಟದೊಳಗೆ ಕಾಲಿಡುವವರು ಯಾರೂ ಇಲ್ಲ. ಹೆದರಿಕೆ ದೆವ್ವದ್ದಲ್ಲ, ಆನೆಯದು. ಬೆಳಗ್ಗೆ ಎದ್ದ ಕೂಡಲೇ ನಾವು ದೇವರ ಪಟ ನೋಡುವ ಮೊದಲು, ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗುಂಪನ್ನು ನೋಡುತ್ತೇವೆ. ಹೀಗಾಗಿ ಗಿರೀಶ ಮೂರೂ ಅಮಾವಾಸ್ಯೆಗಳನ್ನು ಮಟಮಟ ಮಧ್ಯಾಹ್ನ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ನೀಲಿ ಬಣ್ಣ ಬಳಿದ. ಬಳಿದರೇನು, ದೆವ್ವದ ಕಾಲ ಬುಡದಲ್ಲಿ ಗಟ್ಟಿ ನೆರಳು ಬಿದ್ದಿದೆ. ಹಿಂದೆ ಕೋಳಿಗಳು ಮಣ್ಣು ಕೆದರುತ್ತಿವೆ. ಅಮಾವಾಸ್ಯೆಯ ನಡುರಾತ್ರಿಯಲ್ಲಿ ದೂರದಲ್ಲಿ ಆಳುಗಳ ಲೈನ್ ಮನೆಯ ಮುಂದೆ ಒಬ್ಬ ಹೆಂಗಸು ಬಟ್ಟೆ ಒಣಗಹಾಕುತ್ತಿದ್ದಾಳೆ.

ಎರಡನೆಯ ಕಥೆಯಲ್ಲಿ ಊರಿನವರೆಲ್ಲ ದೆವ್ವ ಕಂಡು ಓಡುವ ದೃಶ್ಯವೊಂದಿದೆ. ಇಡೀ ಚಿತ್ರದಲ್ಲಿ ಮೈ ಜುಮ್ಮೆನ್ನುವುದು ಅಲ್ಲಿ ಮಾತ್ರ. ನಿಜ ಹೇಳಬೇಕೆಂದರೆ ಅದು ನಟನೆಯೇ ಅಲ್ಲ. ಕ್ಯಾಮೆರಾ ಚಾಲೂ ಇದ್ದಾಗ ಮೇಲಿನ ದಿಣ್ಣೆಯಿಂದ ಯಾರೋ ‘ಆನೆ ಬಂತು’ ಎಂದು ಕೂಗಿದರು. ಚೆನ್ನಾಗಿ ನೋಡಿದರೆ ಎಲ್ಲರಿಗಿಂತ ಮುಂದೆ ಓಡುತ್ತಿರುವುದು ದೆವ್ವವೇ ಎಂದು ಗೊತ್ತಾಗುತ್ತದೆ.

ಕಥೆಗಳ ನಡುವೆ ಬಂದು ‘ಕೇಳಿ’ ಎನ್ನುವ ಮುದುಕನ ಪಾತ್ರಕ್ಕೆ ರೈಟರ್ ಸೋಮಣ್ಣನವರನ್ನು ಹಾಕಿಕೊಂಡಿದ್ದ. ಸೋಮಣ್ಣನವರು ಆಯುಷ್ಯವೆಲ್ಲ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಕೂಗಿದವರು. ಬಿಳಿ ಗಡ್ಡ, ತೂಕದ ಧ್ವನಿ, ನೋಡಲು ಬಲು ಚೆನ್ನ. ಬಾಯಿ ತೆರೆದರೆ ಮಾತ್ರ ಹಾಜರಿಯೇ. ಸತ್ತವರ ಹೆಸರನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದಕ್ಕೂ ಒಂದು ಕ್ಷಣ ನಿಂತು, ಯಾರಾದರೂ ‘ಬಂದಿದೀನಿ ರೈಟ್ರೇ’ ಅನ್ನುತ್ತಾರೇನೋ ಎಂದು ಕತ್ತೆತ್ತಿ ನೋಡುತ್ತಾರೆ. ಯಾರೂ ಓಗೊಡದಿದ್ದರೆ ಅವರ ಮುಖದಲ್ಲಿ ಬೇಸರ ಕಾಣುತ್ತದೆ.

ಊರಿನವರನ್ನೆಲ್ಲ ಆಡಿಕೊಂಡು ನನ್ನನ್ನು ಮಾತ್ರ ಬಿಟ್ಟರೆ ನ್ಯಾಯವಲ್ಲ. ಬಟ್ಟೆ ಹೊಲಿದುಕೊಟ್ಟವಳು ನಾನು. ಮೂರನೆಯ ಕಥೆಯಲ್ಲಿ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸಿನ ಪಾತ್ರವೂ ನನ್ನದೇ. ದೆವ್ವ ಒಳಗೆ ಬಂದಾಗ ನಾನು ಎದೆಯೊಡೆದು ಕಿರುಚಬೇಕಿತ್ತು. ದೆವ್ವ ಯಾರು ಅಂದಿರಿ? ನಮ್ಮ ದೊಡ್ಡಮ್ಮ. ಯಾರ ಮುಖ ಕಂಡರೆ ಹುಟ್ಟಿದಾಗಿನಿಂದ ಹಸಿವಾಗುತ್ತದೋ ಅವರನ್ನು ಕಂಡು ಕಿರುಚುವುದು ಹೇಗೆ ಸ್ವಾಮಿ? ಎಷ್ಟು ಸಲ ಪ್ರಯತ್ನಿಸಿದರೂ ನನ್ನ ಗಂಟಲಿನಿಂದ ಬಂದದ್ದು, ಗದ್ದೆಯಲ್ಲಿದ್ದವರನ್ನು ಊಟಕ್ಕೆ ಕರೆಯುವ ಕೂಗು. ಕೊನೆಗೆ ಗಿರೀಶ ಅದನ್ನು ತೆಗೆದು ಎಲ್ಲಿಂದಲೋ ತಂದ ಒಂದು ಚೀತ್ಕಾರವನ್ನು ನನ್ನ ಬಾಯಿಗೆ ಅಂಟಿಸಿದ. ಅದು ಗಂಡಸಿನದು ಎಂದು ನನ್ನ ಯಜಮಾನರ ಅಭಿಪ್ರಾಯ.

ಮೂರನೆಯ ಕಥೆ ದೊಡ್ಡಮ್ಮನದೇ ಎಂದು ಹೇಳುವುದನ್ನು ಮರೆತೆ. ನಮ್ಮ ಮನೆ, ದೊಡ್ಡಪ್ಪನ ಮನೆ ಒಂದೇ ಅಂಗಳದ ಎರಡು ಬದಿ. ಗಿರೀಶ ಹುಟ್ಟಿದ್ದು ಈ ಬದಿಯಲ್ಲಿ, ಬೆಳೆದದ್ದು ಆ ಬದಿಯಲ್ಲಿ. ದೊಡ್ಡಮ್ಮ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ, ಅವರೆಕಾಯಿ ಸುಲಿಯುತ್ತ ನಮಗೆ ದೆವ್ವದ ಕಥೆ ಹೇಳುತ್ತಿದ್ದಳು. ಅವಳ ದೆವ್ವಗಳು ಯಾರ ಕತ್ತನ್ನೂ ಹಿಸುಕುತ್ತಿರಲಿಲ್ಲ. ಅವಕ್ಕೆ ಯಾವಾಗಲೂ ಏನೋ ಒಂದು ಕಷ್ಟ. ಒಂದಕ್ಕೆ ಎಲೆ ಅಡಿಕೆ ಇದೆ, ಸುಣ್ಣ ಇಲ್ಲ. ಇನ್ನೊಂದಕ್ಕೆ ರೇಡಿಯೋ ಕೇಳುವ ಆಸೆ, ಬಂದು ಕಿಟಕಿಯ ಹೊರಗೆ ಕೂತಿರುತ್ತದೆ.

ನಮ್ಮನ್ನು ಅಳಿಸುತ್ತಿದ್ದುದು ತವರಿಗೆ ಹೊರಟ ಹೆಣ್ಣಿನ ಕಥೆ. ಹೊಸದಾಗಿ ಮದುವೆಯಾದವಳು, ಮೊದಲ ಸಲ ತವರಿಗೆ ಹೊರಟು ದಾರಿಯಲ್ಲಿ ಹಳ್ಳದ ಪಾಲಾದಳು. ಸತ್ತದ್ದು ಅವಳಿಗೆ ತಿಳಿಯಲೇ ಇಲ್ಲ. ಹೊತ್ತು ಮುಳುಗಿದರೆ ಸಾಕು, ಯಾರದೋ ಬಾಗಿಲಿಗೆ ಬಂದು ‘ಅವ್ವಾ, ಬಾಗ್ಲು ತೆಗಿ’ ಅನ್ನುತ್ತಾಳೆ. ಒಳಗಿನವರು ‘ಇದಲ್ಲ ಕಣವ್ವ, ಮುಂದ್ಲ ಮನೆ’ ಎಂದರೆ ಮುಂದಿನ ಮನೆಗೆ ಹೋಗುತ್ತಾಳೆ. ಅಲ್ಲಿಯೂ ಮುಂದಲ ಮನೆ. ಗಿರೀಶ ಮೂಗು ಒರೆಸಿಕೊಂಡು ಪ್ರತಿ ಸಲವೂ ಕೇಳುತ್ತಿದ್ದ, ‘ಅವ್ಳಿಗೆ ಮನೆ ಸಿಕ್ತಾ ದೊಡ್ಡಮ್ಮ?’

‘ಹುಡುಕ್ತಾ ಅವ್ಳೆ ಕಣ್ಲಾ. ಸಿಗ್ತೈತೆ ಬುಡು’ ಅನ್ನುತ್ತಿದ್ದಳು ದೊಡ್ಡಮ್ಮ.

ಆ ಹುಡುಗ ದೊಡ್ಡವನಾಗಿ ನಿರ್ದೇಶಕನಾದಾಗ ಅದೇ ಹೆಣ್ಣಿಗೆ ಕೆಂಪು ಕಣ್ಣು ಇಟ್ಟು, ಕೂದಲು ಬಿಚ್ಚಿಸಿ, ಸೇಡು ತೀರಿಸಿಕೊಳ್ಳಲು ಕಳಿಸಿದ. ಸೇಡು ಇಲ್ಲದಿದ್ದರೆ ಜನ ನೋಡುವುದಿಲ್ಲವಂತೆ. ಆ ಪಾತ್ರ ದೊಡ್ಡಮ್ಮನೇ ಮಾಡಬೇಕು ಎಂದು ಹಟ ಹಿಡಿದವನೂ ಅವನೇ. ದೊಡ್ಡಮ್ಮ ಹತ್ತು ಸಲ ಇಲ್ಲ ಎಂದು ಹನ್ನೊಂದನೆಯ ಸಲ ನಾಚಿಕೊಂಡು ಒಪ್ಪಿದಳು.

ಸೀರೆಯ ವಿಷಯದಲ್ಲಿ ದೊಡ್ಡ ರಾಮಾಯಣವೇ ಆಯಿತು. ದೆವ್ವಕ್ಕೆ ಬಿಳಿ ಸೀರೆ ಎಂದು ನಾನು ತಂದಿಟ್ಟರೆ ದೊಡ್ಡಮ್ಮ ಅದನ್ನು ಮುಟ್ಟಲೂ ಇಲ್ಲ. ‘ನಿಮ್ ದೊಡ್ಡಪ್ಪ ಕಣ್ಮುಂದೆ ಗುಂಡ್ಕಲ್ಲಿನಂಗೆ ಕೂತವ್ರೆ. ನಾನು ಬಿಳೀ ಸೀರೆ ಉಡಾದಾ?’ ಎಂದಳು. ದೊಡ್ಡಪ್ಪನೂ ಜಗುಲಿಯಿಂದ, ‘ಅವ್ಳು ಹೇಳಾದು ಸರಿ ಐತೆ’ ಎಂದರು. ಕೊನೆಗೆ ತೆಳು ಹಳದಿ, ಹಸಿರು ಅಂಚು ಎಂದು ರಾಜಿಯಾಯಿತು. ತಾಳಿ, ಕುಂಕುಮ, ಹಸಿರು ಬಳೆ ಯಾವುದನ್ನೂ ತೆಗೆಯುವಂತಿಲ್ಲ. ಮುಡಿದ ಮಲ್ಲಿಗೆಯೊಂದನ್ನು ತೆಗೆಸುವಷ್ಟರಲ್ಲಿ ಗಿರೀಶನಿಗೆ ಸಾಕುಸಾಕಾಯಿತು. ಅಂತೂ ಸಿದ್ಧವಾದದ್ದು ಅರಿಶಿನ ಕುಂಕುಮಕ್ಕೆ ಹೊರಟಂಥ ಒಂದು ಲಕ್ಷಣವಾದ ದೆವ್ವ.

ಸೋಮಣ್ಣನವರು ಹಿಂದೆ ಇದ್ದ, ಈಗ ಖಾಲಿ ಬಿದ್ದಿರುವ ಕ್ವಾರ್ಟರ್ಸಿನಲ್ಲಿ ಆ ದೃಶ್ಯ. ದೆವ್ವ ಕಾಫಿ ಗಿಡಗಳ ನಡುವಿನಿಂದ ನಡೆದುಬಂದು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು, ಒಂದೇ ಓಘದಲ್ಲಿ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ನೆಲದ ತುಂಬ ಜಿಗಣೆ. ಬರಿಗಾಲಲ್ಲಿ ಬಾ ಎಂದರೆ ದೊಡ್ಡಮ್ಮ ಸುತರಾಂ ಒಪ್ಪಲಿಲ್ಲ. ಸೀರೆ ನೆಲಕ್ಕೆ ತಾಗುತ್ತದೆ, ಚಪ್ಪಲಿ ಯಾರಿಗೂ ಕಾಣುವುದಿಲ್ಲ ಎಂದು ಗಿರೀಶನೂ ಸುಮ್ಮನಾದ. ದೊಡ್ಡಮ್ಮ ಬಂದಳು. ಕೂದಲು ಹರಡಿಕೊಂಡು, ಕಣ್ಣು ಅಗಲಿಸಿ, ಕೈ ಮುಂದೆ ಚಾಚಿ, ನನಗೂ ಒಂದು ಗಳಿಗೆ ಹೌದಲ್ಲ ಅನ್ನಿಸುವ ಹಾಗೆ ಬಂದಳು. ಹೊಸ್ತಿಲ ಮುಂದೆ ನಿಂತಳು. ಎಡಗಾಲಿನ ಚಪ್ಪಲಿ ಬಿಟ್ಟಳು, ಬಲಗಾಲಿನದು ಬಿಟ್ಟಳು, ಎರಡನ್ನೂ ಹೆಬ್ಬೆರಳಲ್ಲಿ ಗೋಡೆಯ ಕಡೆ ಸರಿಸಿ ಜೋಡಿಸಿದಳು. ಮತ್ತೆ ಕಣ್ಣು ಅಗಲಿಸಿ ಒಳಗೆ ಬಂದಳು.

ನಿಮಗೆ ನಂಬಿಕೆ ಬರಲಿಕ್ಕಿಲ್ಲ, ಅಲ್ಲಿದ್ದ ಒಬ್ಬರಿಗೂ ಅದು ಕಾಣಲಿಲ್ಲ. ‘ಚೆನ್ನಾಗಿ ಬಂತು ದೊಡ್ಡಮ್ಮ’ ಎಂದು ಗಿರೀಶ ಚಪ್ಪಾಳೆ ತಟ್ಟಿದ. ಅವನೂ ಬರಿಗಾಲಲ್ಲೇ ನಿಂತಿದ್ದ. ಲೈಟ್ ಹಿಡಿದವನ ಚಪ್ಪಲಿ, ನನ್ನದು, ಸೋಮಣ್ಣನವರದು ಎಲ್ಲವೂ ಅದೇ ಗೋಡೆಯ ಪಕ್ಕ ಇದ್ದವು. ಖಾಲಿ ಮನೆಯಾದರೂ ಒಬ್ಬರ ಮನೆ. ಆಮೇಲೆ ಗಿರೀಶ ಸ್ಟುಡಿಯೋದಲ್ಲಿ ಕೂತು ಆ ದೃಶ್ಯವನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದ್ದನೋ ಲೆಕ್ಕವಿಲ್ಲ, ಆಗಲೂ ಕಾಣಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವುದು ಉಸಿರಾಡಿದಷ್ಟೇ ಮಾಮೂಲು ಆಗಿಹೋದವರಿಗೆ ಅದು ಕಾಣುವುದಾದರೂ ಹೇಗೆ?

ಕಂಡದ್ದು ಮೊದಲ ಪ್ರದರ್ಶನದ ದಿನ. ಹೆತ್ತೂರಿನಲ್ಲಿ ಒಂದು ಸಭಾಂಗಣ ಹಿಡಿದು, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇಟ್ಟಿದ್ದ. ದೆವ್ವದ ಸಿನಿಮಾವನ್ನು ಬೆಳಗ್ಗೆ ತೋರಿಸುವುದೇ ಎಂದು ನಗಬೇಡಿ, ಆನೆಯ ಕಾರಣ ಆಗಲೇ ಹೇಳಿದ್ದೇನೆ. ಕಿಟಕಿಗಳಿಗೆ ಕಾಫಿ ಮೂಟೆಯ ಗೋಣಿಚೀಲ ಕಟ್ಟಿದ್ದರು. ಗೋಣಿಯ ತೂತುಗಳಿಂದ ಬಿಸಿಲು ಬಂದು ತೆರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತಿತ್ತು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಒಂದು ದೊಡ್ಡ ಡಬ್ಬಿ. ಸಿನಿಮಾ ಮುಗಿದ ಮೇಲೆ ಎಲ್ಲರಿಗೂ ಹಂಚಲು ಕಜ್ಜಾಯ ಮಾಡಿ ತಂದಿದ್ದಳು.

ಮೂರನೆಯ ಕಥೆ ಬಂತು. ಜನ ನಿಜವಾಗಿಯೂ ಸದ್ದಿಲ್ಲದೆ ನೋಡುತ್ತಿದ್ದರು. ದೆವ್ವ ಹೊಸ್ತಿಲು ದಾಟಿದ ಮೇಲೆ ದೊಡ್ಡಪ್ಪ ತಡೆಯಲಾರದೆ ಹಿಂದಕ್ಕೆ ತಿರುಗಿ, ಹೆಮ್ಮೆಯಿಂದಲೇ ಹೇಳಿದರು, ‘ನೋಡಿದ್ರಾ, ದೆವ್ವ ಆದ್ರೂ ನಮ್ಮನೆಯೋಳು ಚಪ್ಪಲಿ ಬುಟ್ಟೇ ಒಳಕ್ಕೋದ್ಲು.’

ಆಗ ಎಲ್ಲರಿಗೂ ಕಂಡಿತು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇನ್ನೊಮ್ಮೆ ಹಾಕು ಮಾರಾಯ ಎಂದು ಕೂಗಿದರು. ನಾನು ಸಾಯುವ ದೃಶ್ಯಕ್ಕೂ ನಗು ನಿಂತಿರಲಿಲ್ಲ. ನನ್ನ ಬಾಯಿಂದ ಗಂಡಸಿನ ಚೀತ್ಕಾರ ಬಂದದ್ದು ಪರಿಸ್ಥಿತಿಯನ್ನು ಸುಧಾರಿಸಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆದು ಮೊದಲ ಕಜ್ಜಾಯವನ್ನು ಗಿರೀಶನ ಕಡೆ ಚಾಚಿದಳು. ಅವನ ಮುಖ ಸಣ್ಣಗಾಗಿತ್ತು. ‘ಎಲ್ಲಾ ಹಾಳ್ಮಾಡ್ಬುಟ್ಟೆ ದೊಡ್ಡಮ್ಮ. ನಿನ್ನಿಂದ ನನ್ ಸಿನಿಮಾ ಮುಗ್ದೇ ಹೋಯ್ತು’ ಎಂದ. ಹತ್ತು ಜನರ ಎದುರಿಗೆ ಅಂದುಬಿಟ್ಟ. ದೊಡ್ಡಮ್ಮ ಕಜ್ಜಾಯವನ್ನು ಮತ್ತೆ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನಾವು ಬಂದಿದ್ದ ಜೀಪಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಆ ಕಜ್ಜಾಯವನ್ನು ಯಾರೂ ತಿನ್ನಲಿಲ್ಲ. ನೆನಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಅವನ ಮೇಲೂ, ನಕ್ಕವರ ಮೇಲೂ.

ಅಂದಿನಿಂದ ದೊಡ್ಡಮ್ಮ ಅವನನ್ನು ನೇರವಾಗಿ ಮಾತಾಡಿಸಲಿಲ್ಲ. ಮನೆಗೆ ಬಂದರೆ ಮಣೆ ಹಾಕುವಳು, ಬಡಿಸುವಳು, ಮಾತು ಮಾತ್ರ ನನ್ನ ಮೂಲಕ. ‘ಅವ್ರಿಗೆ ಹೇಳು, ಕಾಫಿ ಆರೋಯ್ತೈತೆ.’ ‘ಡೈರೆಕ್ಟ್ರಿಗೆ ಇನ್ನೊಂದ್ ಕಡುಬು ಬೇಕಾ ಕೇಳು.’ ನಾನಿಲ್ಲದಿದ್ದರೆ ನಾಯಿಯನ್ನು ಉದ್ದೇಶಿಸಿ ಹೇಳುತ್ತಿದ್ದಳಂತೆ. ಬೈದಿದ್ದರೆ ಗಿರೀಶ ಸಹಿಸಿಕೊಳ್ಳುತ್ತಿದ್ದ. ಹೆತ್ತವಳಿಗಿಂತ ಹೆಚ್ಚಾಗಿ ಗದರಿಸಿ ಸಾಕಿದವಳು ನೆಂಟರನ್ನು ನೋಡಿಕೊಂಡ ಹಾಗೆ ನೋಡಿಕೊಂಡರೆ ಏನು ಮಾಡುವುದು? ಕ್ಷಮಿಸು ಎನ್ನಲು ಅವನಿಗೂ ಬಾಯಿ ಬರಲಿಲ್ಲ. ಬರುವುದನ್ನೇ ಕಡಿಮೆ ಮಾಡಿದ. ದೊಡ್ಡಮ್ಮ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಳು, ಯಾರಾದರೂ ಚಪ್ಪಲಿಯ ಸುದ್ದಿ ತೆಗೆಯುತ್ತಾರೆ ಎಂದು. ಕೋಳಿ, ನೆರಳು, ಹಾಜರಿ, ಗಂಡಸಿನ ಚೀತ್ಕಾರ ಇಷ್ಟೆಲ್ಲ ಇದ್ದ ಸಿನಿಮಾ ತನ್ನೊಬ್ಬಳಿಂದಲೇ ಕೆಟ್ಟಿತು ಎಂದು ನಂಬಿಕೊಂಡು ಕೂತಿದ್ದಳು ಆ ಪುಣ್ಯಾತ್ಗಿತ್ತಿ.

ಹೀಗೆ ಒಂದು ಮಳೆಗಾಲ ಹೋಗಿ ಇನ್ನೊಂದು ಹಿಡಿದುಕೊಂಡಿತು. ಈಚೆಗೆ ಒಂದು ಮಧ್ಯಾಹ್ನ ನಾನು ದೊಡ್ಡಮ್ಮನ ಮನೆಯಲ್ಲಿದ್ದಾಗ ಗಿರೀಶ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಟೀವಿಗೆ ಏನೋ ಸಿಕ್ಕಿಸಿದ. ದೊಡ್ಡಮ್ಮ ನೆಲದ ಮೇಲೆ ಕೂತು ಹಲಸಿನ ಬೀಜ ಹೆರೆಯುತ್ತಿದ್ದಳು.

‘ಅಕ್ಕ, ದೊಡ್ಡಮ್ಮಂಗೆ ಹೇಳು. ಸಿನಿಮಾ ಸರಿ ಮಾಡಿವ್ನಿ, ಇನ್ಮೇಲೆ ಯಾರೂ ನಗಲ್ಲ’ ಎಂದ.

ಅವನಿಗೆ ಗೊತ್ತಿದ್ದ ಕ್ಷಮಾಪಣೆ ಅದೊಂದೇ. ದಿನಗಟ್ಟಲೆ ಕಂಪ್ಯೂಟರಿನ ಮುಂದೆ ಕೂತು, ಒಂದೊಂದು ಚಿತ್ರವನ್ನೂ ಒರೆಸಿ ತಿದ್ದಿ ತಂದಿದ್ದ. ದೊಡ್ಡಪ್ಪ ಕನ್ನಡಕ ಹಾಕಿಕೊಂಡರು. ದೊಡ್ಡಮ್ಮ ತಲೆ ಎತ್ತದೆ ಓರೆಗಣ್ಣಲ್ಲಿ ನೋಡಿದಳು, ಕತ್ತಿಯ ಸದ್ದು ನಿಂತಿತು. ಟೀವಿಯಲ್ಲಿ ನೀಲಿ ಅಮಾವಾಸ್ಯೆ. ದೆವ್ವ ಕಾಫಿ ಗಿಡಗಳ ನಡುವಿನಿಂದ ಬಂತು, ಮೆಟ್ಟಿಲು ಹತ್ತಿತು, ಎಲ್ಲೂ ನಿಲ್ಲದೆ ನೇರ ಒಳಗೆ ನುಗ್ಗಿತು. ಗೋಡೆಯ ಪಕ್ಕ ಏನೂ ಇರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದ. ನನಗೇಕೋ ಅದು ದೊಡ್ಡಮ್ಮ ಅನ್ನಿಸಲಿಲ್ಲ.

‘ಚಪ್ಪಲಿ ಎಲ್ಲಿ?’ ಎಂದಳು ದೊಡ್ಡಮ್ಮ.

ಅವನನ್ನು ಕೇಳಲು ನನಗೆ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಗಿರೀಶನ ಕಡೆ ತಿರುಗಿದೆ.

‘ಲೋ ಗಿರೀಶ, ನಿನ್ನೇ ಕೇಳ್ತಿರಾದು. ಚಪ್ಪಲಿ ಎಲ್ಲೋ?’

ಗಿರೀಶ ‘ತೆಗ್ದಾಕ್ಬುಟ್ಟೆ ದೊಡ್ಡಮ್ಮ’ ಎಂದ.

‘ತೆಗ್ದಾಕ್ಬುಟ್ಯಾ? ಆ ಹೆಣ್ಣು ಅಷ್ಟು ದೂರದಿಂದ ಬರಿಗಾಲಲ್ಲಿ ಬಂದ್ಲಾ? ಆ ಜಿಗಣೇಲಿ?’

‘ದೆವ್ವಕ್ಕೆ ಜಿಗಣೆ ಏನ್ ಮಾಡ್ತವೆ ದೊಡ್ಡಮ್ಮ?’

‘ದೆವ್ವ ಮಾಡಿದ್ದು ನೀನು. ನಾನ್ ಹೇಳಿದ್ದು ತವರು ಹುಡುಕ್ಕಂಡು ಹೊಂಟ ಹೆಣ್ಣಿನ ಕಥೆ. ಅವ್ವನ ಮನೆ ಸಿಕ್ತು ಅನ್ಕಂಡು ಬಾಗ್ಲಲ್ಲಿ ಚಪ್ಪಲಿ ಬುಟ್ಟವ್ಳೆ. ಒಂದ್ ಗಳಿಗೆ ಆದ್ರೂ ಸಿಕ್ತು ಅನ್ಕಳ್ಲಿ ಬುಡು. ಅದ್ನೂ ಕಿತ್ಕಂಡ್ಯಲ್ಲೋ.’

ಗಿರೀಶ ನೆಲ ನೋಡುತ್ತ ಕೂತಿದ್ದ. ಮೂಗು ಒರೆಸಿಕೊಂಡು ‘ಅವ್ಳಿಗೆ ಮನೆ ಸಿಕ್ತಾ’ ಎಂದು ಕೇಳುತ್ತಿದ್ದವನ ಮುಖವೇ ಅದು, ಗಡ್ಡ ಬಂದಿದೆ ಅಷ್ಟೆ. ಕೊನೆಗೆ ‘ತಪ್ಪಾಯ್ತು ದೊಡ್ಡಮ್ಮ’ ಎಂದ. ಚಪ್ಪಲಿ ಅಳಿಸಿದ್ದಕ್ಕೋ, ಆ ಭಾನುವಾರದ ಮಾತಿಗೋ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

‘ಹಳೇದು ಐತಾ?’ ಎಂದಳು.

ಇತ್ತು. ಅದನ್ನೇ ಹಾಕಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಅಮಾವಾಸ್ಯೆಯಲ್ಲಿ ಮಣ್ಣು ಕೆದರುತ್ತಿದ್ದ ಕೋಳಿ ನಮ್ಮನೆಯದು ಎಂದು ಗುರುತು ಹಿಡಿದಳು. ಸೋಮಣ್ಣನವರು ಸತ್ತವರ ಹಾಜರಿ ಕರೆದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗಂಡಸಿನ ಧ್ವನಿಯಲ್ಲಿ ಕಿರುಚಿದಾಗ ಸೆರಗಿಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೊಸ್ತಿಲಲ್ಲಿ ಚಪ್ಪಲಿ ಜೋಡಿಸಿಟ್ಟ ದೃಶ್ಯಕ್ಕೆ ಮಾತ್ರ ನಾವು ಯಾರೂ ನಗಲಿಲ್ಲ. ‘ಈಗ ಸರಿ ಐತೆ’ ಎಂದಳು ದೊಡ್ಡಮ್ಮ.

ಸಂಜೆಯಾಗುವ ಮೊದಲೇ, ಆನೆಯ ಹೊತ್ತಿಗೆ ಮುಂಚೆ ಗಿರೀಶ ಹೊರಟ. ಅವನು ಹೊಸ್ತಿಲು ದಾಟಿ ಚಪ್ಪಲಿಯ ಕಡೆ ಕಾಲು ಚಾಚಿದಾಗ ಒಳಗಿನಿಂದ ದೊಡ್ಡಮ್ಮನ ಹಳೆಯ ಗದರಿಕೆ ಕೇಳಿತು, ನಾಯಿಯ ಮೂಲಕ ಅಲ್ಲ, ನನ್ನ ಮೂಲಕವೂ ಅಲ್ಲ.

‘ಲೋ, ಹಂಗೇ ಮೆಟ್ಕಬ್ಯಾಡ. ಒದ್ರಿ ಹಾಕ್ಕೊಳೋ, ಜಿಗಣೆ ಕೂತಿರ್ತವೆ.’

ನಮ್ಮ ಡೈರೆಕ್ಟರು ಎರಡೂ ಚಪ್ಪಲಿಗಳನ್ನು ಮೆಟ್ಟಿಲಿಗೆ ಬಡಿದು, ಅವಳಿಗೆ ಕೇಳಿಸಲಿ ಎಂದು ಇನ್ನೊಮ್ಮೆ ಬಡಿದು, ಮೆಟ್ಟಿಕೊಂಡು ಹೋದ.